ಕೌಂಟರ್ ಹತ್ರ ಕುಳ್ಳ, ರೈಡ್ ಹತ್ರ ಉದ್ದ

ಕ್ರಿಸ್ಮಸ್ ರಜೆಯಲ್ಲಿ ಬಿಡದಿ ಹತ್ರದ ವಂಡರ್‌ಲಾ ಗೇಟಲ್ಲಿ ಹತ್ತು ನಿಮಿಷ ಸುಮ್ನೆ ನಿಂತ್ಕೊಂಡ್ರೆ ಒಂದು ತಮಾಷೆ ನೋಡ್ಬೋದು. ಅಲ್ಲಿ 85 ಸೆಂಟಿಮೀಟರ್‌ಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಟಿಕೆಟ್ ತಗೋಬೇಕಾಗಿಲ್ಲ, ಅದಕ್ಕೇ ಅಳತೆ ಗೆರೆ ಹತ್ರ ಬಂದ ತಕ್ಷಣ ಅಪ್ಪ ಮಗು ಕಿವೀಲಿ "ಮಂಡಿ ಸ್ವಲ್ಪ ಬಗ್ಗಿಸೋ ಪುಟ್ಟ" ಅಂತಾರೆ, ಅಮ್ಮ ಮೆತ್ತಗೆ ಮಗಳ ಜುಟ್ಟು ಬಿಚ್ತಾರೆ. ಒಳಗೆ ಹೋಗಿ ಅರ್ಧ ಗಂಟೆ ಆಗಿರಲ್ಲ, ಅದೇ ಮಗು ಯಾವ್ದೋ ರೈಡ್ ಕ್ಯೂನಲ್ಲಿ ತುದಿಗಾಲ ಮೇಲೆ ನಿಂತಿರತ್ತೆ, ಶೂ ಒಳಗೆ ಎರಡು ಜೊತೆ ಸಾಕ್ಸ್ ಬೇರೆ. ನಾನು ಮಕ್ಕಳ ಡಾಕ್ಟ್ರು, ದಿನಾ ಎತ್ತರ ಅಳೆಯೋದೇ ಕೆಲಸ, ಅರ್ಧ ಗಂಟೇಲಿ ಇಷ್ಟು ಬೆಳೆಯೋ ಮಕ್ಕಳನ್ನ ನಾನಂತೂ ಬೇರೆಲ್ಲೂ ನೋಡಿಲ್ಲ.

ಮೊದಲನೇ ಕಳ್ಳಾಟ ನಿಮಗೂ ಪಾರ್ಕಿಗೂ ಬಿಟ್ಟಿದ್ದು. ಎರಡನೇದರ ಬಗ್ಗೆ ಮಾತ್ರ ನಂಗೆ ತಕರಾರಿದೆ. ಎತ್ತರದ ರೂಲ್ ಅಂದ್ರೆ ಧೈರ್ಯದ ಪರೀಕ್ಷೆ ಅಂದ್ಕೊಂಡಿದಾರೆ ಸುಮಾರು ಜನ, "ನಮ್ಮವನು ಭಯಾನೇ ಪಡಲ್ಲ ಮೇಡಂ" ಅಂತಾರೆ. ಭಯಕ್ಕೂ ಅದಕ್ಕೂ ಸಂಬಂಧ ಇಲ್ಲ. ಸೀಟಿನ ಕಂಬಿ ತೊಡೆ ಮೇಲೆ ಗಟ್ಟಿಯಾಗಿ ಕೂತ್ರೆ ತಾನೇ ಹಿಡಿಯೋದು, ಚಿಕ್ಕ ಮಗು ಪಕ್ಕದಲ್ಲಿ ದಪ್ಪಗಿರೋ ಅಪ್ಪ ಕೂತು ಒಂದೇ ಕಂಬಿ ಇಬ್ಬರಿಗೂ ಇದ್ರೆ ಅದು ಅಪ್ಪನ ಹೊಟ್ಟೆಗೇ ನಿಂತ್ಬಿಡತ್ತೆ, ಮಗು ಕಡೆ ಒಂದು ಗೇಣು ಜಾಗ ಖಾಲಿ. ಇನ್ನೊಂದು ವಿಷಯ ತಲೆ. ನಾಲ್ಕು ವರ್ಷದ ಮಗು ತಲೆ ಸುತ್ತಳತೆ ಹೆಚ್ಚುಕಮ್ಮಿ 50 ಸೆಂಟಿಮೀಟರ್, ದೊಡ್ಡವರದ್ದು ಅದಕ್ಕಿಂತ ಐದಾರು ಸೆಂಟಿಮೀಟರ್ ಜಾಸ್ತಿ ಅಷ್ಟೇ. ಅಂದ್ರೆ ತಲೆ ಬಹುತೇಕ ದೊಡ್ಡವರ ಸೈಜು, ಅದನ್ನ ಹೊರೋ ಕುತ್ತಿಗೆ ಮಾತ್ರ ಹೂವಿನ ದಂಟು. ರೈಡು ಗಕ್ಕಂತ ತಿರುಗ್ದಾಗ ನಮ್ಮ ಕುತ್ತಿಗೆ ತಡ್ಕೊಳತ್ತೆ, ಅವರದ್ದು ತಲೆ ಜೊತೆಗೇ ಹೋಗತ್ತೆ. ಸಾಕ್ಸ್ ಹಾಕಿದ್ರೆ ಎತ್ತರ ಬರಬಹುದು, ಕುತ್ತಿಗೆ ಬರಲ್ಲ.

ಮೂರು ವರ್ಷದ ಮಗು ಸುಮಾರಾಗಿ 95 ಸೆಂಟಿಮೀಟರ್ ಇರತ್ತೆ. ಈ ಎತ್ತರದ ಮಕ್ಕಳಿಗೆ ಇಡೀ ಪಾರ್ಕಲ್ಲಿ ಆಡೋಕಿರೋದು ಒಂದು ಮೂಲೆ, ಪುಟಾಣಿ ರೈಲು, ಸುತ್ತೋ ಕುದುರೆ, ಮೊಣಕಾಲುದ್ದದ ಕೊಳ. ಇದನ್ನ ಮನೇಲೇ ಒಪ್ಕೊಂಡು ಹೊರಟ್ರೆ ಅರ್ಧ ಜಗಳ ಕಮ್ಮಿ.

ಈಗ ನೀರಿಗೆ ಬರ್ತೀನಿ, ಯಾಕಂದ್ರೆ ಜನವರಿ ಮೊದಲ ವಾರ ನನ್ನ ಕ್ಲಿನಿಕ್ ತುಂಬೋದು ಬಹಳ ಮಟ್ಟಿಗೆ ಇದ್ರಿಂದ. ಬೆಂಗಳೂರಲ್ಲಿ ಡಿಸೆಂಬರ್ ಮಧ್ಯಾಹ್ನ 26-27 ಡಿಗ್ರಿ ಇರತ್ತೆ, ಬಿಸಿಲು ಚುರುಗುಟ್ಟತ್ತೆ, ಹಂಗಾಗಿ ನಮಗೆ ಚಳಿ ಅನ್ಸಲ್ಲ. ಆದ್ರೆ ಗಾಳಿಗಿಂತ ನೀರು ಮೈ ಬಿಸಿಯನ್ನ ಸುಮಾರು 25 ಪಟ್ಟು ಜೋರಾಗಿ ಎಳ್ಕೊಳತ್ತೆ, ಅದರ ಮೇಲೆ ಮಕ್ಕಳ ತೂಕಕ್ಕೆ ಹೋಲಿಸಿದ್ರೆ ಅವರ ಚರ್ಮ ಜಾಸ್ತಿ, ಚಿಕ್ಕ ಲೋಟದಲ್ಲಿರೋ ಕಾಫಿ ಬೇಗ ಆರಲ್ವಾ, ಹಂಗೇ. ನಾಲ್ಕು ಗಂಟೆ ಮೇಲೆ ಬಿಸಿಲು ಇಳಿದು ಗಾಳಿ ಶುರುವಾದ್ರೆ ಮುಗೀತು. ಅಪ್ಪ ವೇವ್ ಪೂಲಲ್ಲಿ "ಇನ್ನೊಂದೇ ಒಂದು ಅಲೆ" ಅಂತಿರ್ತಾರೆ, ಮಗು ತುಟಿ ನೇರಳೆ ಹಣ್ಣು ತಿಂದಂಗೆ ಆಗಿರತ್ತೆ, ಹಲ್ಲು ಕಟಕಟ ಅಂತಿರತ್ತೆ, ಆದ್ರೂ ಕೇಳಿದ್ರೆ "ಚಳಿ ಇಲ್ಲ" ಅನ್ನತ್ತೆ, ಯಾಕಂದ್ರೆ ಹೌದು ಅಂದ್ರೆ ಆಚೆ ಕರ್ಕೊಂಡು ಹೋಗ್ತಾರೆ ಅಂತ ಅದಕ್ಕೆ ಚೆನ್ನಾಗಿ ಗೊತ್ತು. ಹಂಗಾಗಿ ಮಗೂನ ಕೇಳ್ಬೇಡಿ, ತುಟಿ ನೋಡಿ. ಹದಿನೈದು ಇಪ್ಪತ್ತು ನಿಮಿಷಕ್ಕೊಂದ್ಸಲ ಆಚೆ ತಂದು ಒಣಗಿದ ಟವೆಲ್ ಸುತ್ತಿ ಏನಾದ್ರೂ ತಿನ್ಸಿ. ನೀರಿಗಿಳಿಯೋಕೆ ಕಾಟನ್ ಬಟ್ಟೆ ಬಿಡಲ್ಲ, ನೈಲಾನೇ ಬೇಕು ಅಂತಾರಲ್ಲ, ಅದಕ್ಕೆ ಬೈಕೋಬೇಡಿ, ಒದ್ದೆ ಕಾಟನ್ ಬನಿಯನ್ ಮೈಗಂಟ್ಕೊಂಡು ಸಂಜೆ ತನಕ ತಣ್ಣಗೇ ಇರತ್ತೆ, ನೈಲಾನ್ ಬೇಗ ಒಣಗತ್ತೆ. ಬಾಡಿಗೆ ಡ್ರೆಸ್ಸಿನ ಕ್ಯೂ ಉದ್ದ ಇರತ್ತೆ, ಮನೆಯಿಂದಲೇ ಸರಿಯಾದ ಸೈಜಿಂದು ತಗೊಂಡು ಹೋಗಿ.

ಹೋದ ವಾರ ಭೇದಿ ಆಗಿದ್ದ ಮಗೂನ ಮಾತ್ರ ದಯವಿಟ್ಟು ಕೊಳಕ್ಕೆ ಇಳಿಸ್ಬೇಡಿ, ಡೈಪರ್ ಹಾಕಿದೀವಲ್ಲ ಅನ್ನೋದು ಲೆಕ್ಕಕ್ಕೆ ಬರಲ್ಲ. ಕ್ರಿಪ್ಟೋಸ್ಪೋರಿಡಿಯಂ ಅನ್ನೋ ಒಂದು ಪರಾವಲಂಬಿ ಕ್ಲೋರಿನ್ ಹಾಕಿದ ನೀರಲ್ಲೂ ವಾರಕ್ಕಿಂತ ಜಾಸ್ತಿ ಬದುಕತ್ತೆ. ನೀರು ನೀಲಿಯಾಗಿ ಫಳಫಳ ಅಂತಿದೆ ಅಂದ ಮಾತ್ರಕ್ಕೆ ಅದರಲ್ಲಿ ಏನೂ ಇಲ್ಲ ಅಂತಲ್ಲ.

ಇನ್ನು ಮುಳುಗೋ ವಿಷಯ. ಸಿನಿಮಾದಲ್ಲಿ ತೋರಿಸೋ ಹಂಗೆ ಕೈ ಬೀಸಿ ಕೂಗಾಡಲ್ಲ ಮಕ್ಕಳು. ಬಾಯಿ ನೀರೊಳಗಿದ್ರೆ ಕೂಗೋದು ಹೆಂಗೆ? ಒಂದು ನಿಮಿಷದೊಳಗೆ ಸದ್ದಿಲ್ದೆ ಆಗೋಗತ್ತೆ, ಅದೂ ಮೊಣಕಾಲುದ್ದದ ನೀರಲ್ಲೇ, ತಲೆ ಭಾರ ಅಂದ್ನಲ್ಲ, ಮುಗ್ಗರಿಸಿದ ಮಗುಗೆ ಎದ್ದೇಳೋಕೇ ಆಗಲ್ಲ. ಲೈಫ್‌ಗಾರ್ಡ್ ಇದಾರೆ ನಿಜ, ಆದ್ರೆ ಅವರು ನೂರಾರು ಜನ ನೋಡ್ತಿರ್ತಾರೆ. ಮನೆಯವರಲ್ಲಿ ಒಬ್ರು, ಹೆಸರು ಹೇಳಿ, "ಈಗ ನಿನ್ನ ಪಾಳಿ" ಅಂತ ಒಪ್ಪಿಸ್ಬೇಕು. ಏಳು ಜನ ದೊಡ್ಡೋರಿದ್ದ ಗುಂಪಲ್ಲೇ ಎಲ್ಲರೂ ಇನ್ನೊಬ್ರು ನೋಡ್ತಿದಾರೆ ಅಂದ್ಕೊಂಡಿರ್ತಾರೆ.

ಈ ಮಾತು ಹೇಳೋಕೆ ನಂಗೆ ಹಕ್ಕಿದೆಯೋ ಇಲ್ವೋ, ಯಾಕಂದ್ರೆ ನನ್ನ ಮಗಳೇ ಐದು ವರ್ಷದವಳಿದ್ದಾಗ ಒಂದು ಪಾರ್ಕಲ್ಲಿ ಕಳೆದುಹೋಗಿದ್ಲು. ನಾನು ಮಹಾ ಬುದ್ಧಿವಂತೆ, ಬೆಳಿಗ್ಗೆ ಪಾರ್ಕಿಂಗಲ್ಲೇ ಹಳದಿ ಫ್ರಾಕ್ ಹಾಕಿರೋ ಫೋಟೋ ತೆಗ್ದಿದ್ದೆ, ಕೈ ಮೇಲೆ ಪೆನ್ನಲ್ಲಿ ಮೊಬೈಲ್ ನಂಬರ್ ಬರ್ದಿದ್ದೆ. ಅವಳು ಕಳೆದುಹೋದಾಗ ಹಳದಿ ಫ್ರಾಕು ಲಾಕರಲ್ಲಿ, ಮೊಬೈಲೂ ಲಾಕರಲ್ಲಿ, ನಂಬರು ನೀರಲ್ಲಿ ತೊಳೆದುಹೋಗಿತ್ತು. ಸೆಕ್ಯೂರಿಟಿಯವರು "ಏನ್ ಬಟ್ಟೆ ಮೇಡಂ" ಅಂದ್ರೆ ನೀಲಿ ಸ್ವಿಮ್ಮಿಂಗ್ ಡ್ರೆಸ್ ಅಂದೆ, ಸುತ್ತ ನೋಡಿದ್ರೆ ಪ್ರಪಂಚದ ಮಕ್ಕಳೆಲ್ಲ ನೀಲೀನೇ. ಹನ್ನೊಂದು ನಿಮಿಷ. ಆಮೇಲೆ ಸಿಕ್ಕಿದ್ಲು, ಜೋಳ ಮಾರೋ ಹೆಂಗಸಿನ ಪಕ್ಕ ಕೂತಿದ್ಲು, "ಆಂಟಿ ಹತ್ರ ಮಗು ಫೋಟೋ ಇತ್ತು, ಅದಕ್ಕೇ ಅವರ ಹತ್ರ ಹೋದೆ" ಅಂದ್ಲು. ಆವತ್ತಿಂದ ಎಲ್ಲರಿಗೂ ಹೇಳೋದು, ಫೋಟೋ ಬಟ್ಟೆ ಬದಲಾಯಿಸಿದ ಮೇಲೆ ತೆಗೀರಿ, ಫೋನನ್ನ ವಾಟರ್‌ಪ್ರೂಫ್ ಕವರಲ್ಲಿ ಹಾಕಿ ಒಬ್ಬರ ಕೊರಳಲ್ಲಿ ಇರ್ಲಿ, ಮತ್ತೆ ಒಳಗೆ ಹೋದ ಕೂಡ್ಲೇ "ಕಳೆದುಹೋದ್ರೆ ಇಲ್ಲಿ ನಿಂತ್ಕೋ" ಅಂತ ಒಂದು ಜಾಗ ಕೈಮಾಡಿ ತೋರ್ಸಿ.

ಯಾವಾಗ ಹೋಗೋದು ಅಂತ ಕೇಳ್ತಾರೆ. ಡಿಸೆಂಬರ್ 25ರಿಂದ ಹೊಸ ವರ್ಷದ ತನಕ ಟಿಕೆಟ್ಟೂ ದುಬಾರಿ ಜನವೂ ಜಾಸ್ತಿ, ಅದು ಗೊತ್ತಿರೋದೇ. ಆದ್ರೆ ಡಿಸೆಂಬರ್ ಅಂದ್ರೆ ಸ್ಕೂಲ್ ಟ್ರಿಪ್ಪಿನ ಸೀಸನ್ನೂ ಹೌದು, ವಾರದ ದಿನ ಖಾಲಿ ಇರತ್ತೆ ಅಂತ ರಜ ಹಾಕಿ ಹೋದ್ರೆ ಪಾರ್ಕಿಂಗಲ್ಲಿ ಸಾಲಾಗಿ ಬಸ್ಸು ನಿಂತಿರತ್ತೆ. ಐದು ವರ್ಷದ ಒಳಗಿನ ಮಗು ಇದ್ರೆ ನನ್ನ ಲೆಕ್ಕ ಬೇರೆ. ಗೇಟ್ ತೆಗೆಯೋ ಹೊತ್ತಿಗೆ ಹೋಗಿ, ಮೂರು ಗಂಟೆಗೆ ಹೊರಡಿ. "ಇಷ್ಟು ದುಡ್ಡು ಕೊಟ್ಟು ಅರ್ಧ ದಿನಾನಾ?" ಅಂತ ಯಜಮಾನರು ಮುಖ ಸಿಂಡರಿಸ್ತಾರೆ, ಸಿಂಡರಿಸ್ಲಿ. ಮಧ್ಯಾಹ್ನ ಮಲಗೋ ಮಗು ಮಲಗ್ಲೇಬೇಕು, ಅದಕ್ಕೆ ಟಿಕೆಟ್ ರೇಟು ಗೊತ್ತಿಲ್ಲ. ಐದು ಗಂಟೆಗೆ ನೆಲದ ಮೇಲೆ ಬಿದ್ದು ಹೊರಳಾಡೋ ಮಗು ಹಠಮಾರಿ ಅಲ್ಲ, ಅದರ ಬ್ಯಾಟರಿ ಎರಡು ಗಂಟೆಗೇ ಖಾಲಿಯಾಗಿದೆ, ನೀವು ನೋಡಿಲ್ಲ ಅಷ್ಟೇ.

ಸಾಂತಾ ಕ್ಲಾಸ್ ಜೊತೆ ಫೋಟೋ ಬಗ್ಗೆ ಒಂದೇ ಮಾತು. ಒಂದೆರಡು ವರ್ಷದ ಮಗು ಮುಖ ನೋಡಿಯೇ ಮನುಷ್ಯರನ್ನ ಅಳೆಯೋದು, ಮುಖದ ತುಂಬ ಹತ್ತಿ ಅಂಟ್ಸಿಕೊಂಡ ಕೆಂಪು ಬಟ್ಟೆಯ ಗಂಡಸಿನ ತೊಡೆ ಮೇಲೆ ಕೂರಿಸಿದ್ರೆ ಕಿರಿಚದೆ ಇನ್ನೇನು ಮಾಡತ್ತೆ, ನೀವೇ ಎತ್ಕೊಂಡು ಪಕ್ಕದಲ್ಲಿ ನಿಂತ್ಕೊಳ್ಳಿ, ಸಾಕು.

ಬ್ಯಾಗಲ್ಲಿ ಓಆರ್‌ಎಸ್ ಪುಡಿ ಎರಡು ಪ್ಯಾಕೆಟ್ ಇಟ್ಕೊಳ್ಳಿ, ದೊಡ್ಡ ಪ್ಯಾಕೆಟ್ ಆದ್ರೆ ಪೂರ್ತಿ ಒಂದು ಲೀಟರ್ ನೀರಿಗೆ, ಅರ್ಧ ಲೋಟಕ್ಕೆ ಅರ್ಧ ಪ್ಯಾಕೆಟ್ ಅನ್ನೋ ಅಂದಾಜು ಲೆಕ್ಕ ಬೇಡ. ಅದು ವಾಂತಿ ಭೇದಿ ಶುರುವಾದ್ರೆ ಮಾತ್ರ, ಬಾಯಾರಿಕೆಗೆ ನೀರೇ ಸಾಕು. ಅದೇ ಹೆಸರು ಬರ್ಕೊಂಡು ಬರ್ತಿದ್ದ ಸಿಹಿ ಜ್ಯೂಸ್ ಡಬ್ಬಗಳು ಓಆರ್‌ಎಸ್ ಅಲ್ಲ, 2025ರ ಅಕ್ಟೋಬರಲ್ಲಿ ದೇಶದ ಆಹಾರ ಸುರಕ್ಷತೆ ನೋಡ್ಕೊಳ್ಳೋ ಎಫ್‌ಎಸ್‌ಎಸ್‌ಎಐ ಅಂಥವುಗಳ ಮೇಲೆ ಆ ಹೆಸರು ಹಾಕೋ ಹಂಗಿಲ್ಲ ಅಂತ ಹೇಳಿದೆ.

ವಾಪಸ್ ಬರೋವಾಗ ತಲೆ ಒರಸಿ, ಒಣ ಬಟ್ಟೆ ಹಾಕಿ, ಬಿಡದೀಲಿ ತಟ್ಟೆ ಇಡ್ಲಿಗೆ ನಿಲ್ಸಿದ್ರೆ ಬಿಸಿಬಿಸಿ ಅರ್ಧ ಇಡ್ಲಿ ತಿನ್ಸಿ, ಮುಂದಿನ ಸೀಟಲ್ಲಿ ತೊಡೆ ಮೇಲೆ ಮಲಗಿಸ್ಕೊಂಡು ಬರ್ಬೇಡಿ. ಕಿವಿಗೆ ನೀರು ಹೋಗಿದ್ರೆ ಬಡ್ಸ್ ಹಾಕಿ ಕೆದಕ್ಬೇಡಿ, ತಲೆ ವಾಲಿಸಿ ಟವೆಲ್ ತುದಿಯಿಂದ ಹೊರಗಡೆ ಒರಸಿ, ಅಷ್ಟೇ. ಎರಡು ದಿನ ಬಿಟ್ಟು ಕಿವಿ ಮುಟ್ಟಿದ್ರೆ ಅಳೋದು, ಇಲ್ಲಾ ನೀರು ಕುಡಿದು ಕೆಮ್ಮಿದ ಮಗು ರಾತ್ರಿ ಏದುಸಿರು ಬಿಡೋದು, ಇವೆರಡರಲ್ಲಿ ಯಾವ್ದು ಕಂಡ್ರೂ ಕಾಯ್ತಾ ಕೂರ್ಬೇಡಿ. ಏದುಸಿರಾದ್ರೆ ನನಗೆ ಫೋನ್ ಮಾಡ್ತಾ ಕೂರದೆ ಸೀದಾ ಹತ್ತಿರದ ಎಮರ್ಜೆನ್ಸಿಗೆ ಹೋಗಿ.