ಬೆಲ್ಲು ಹೊಡೆದಾಗ ಕಿವಿ ಮುಚ್ಚಿಕೊಳ್ಳುವ ಹುಡುಗ

ಬಿಸಿಯೂಟದ ಹೊತ್ತಿಗೆ ಯಾವುದಾದರೂ ಹೈಸ್ಕೂಲಿನ ಜಗಲಿಯಲ್ಲಿ ನಿಂತು ನೋಡಿ. ತೂಗುಹಾಕಿದ ಕಂಬಿಯ ತುಂಡಿಗೆ ಏಟು ಬಿದ್ದದ್ದೇ ತಡ, ಸ್ಟೀಲ್ ತಟ್ಟೆಗಳ ಸದ್ದು, ಸಾಂಬಾರಿನ ಘಾಟು, ನೂಕುನುಗ್ಗಲು. ಉಳಿದವರಿಗೆ ಅದು ಊಟದ ಗಂಟೆ. ಆಟಿಸಂ (ಮೆದುಳಿನ ಬೆಳವಣಿಗೆಯಲ್ಲಿನ ಒಂದು ಭಿನ್ನತೆ) ಇರುವ ಒಂಬತ್ತನೇ ಕ್ಲಾಸಿನ ಹುಡುಗನಿಗೆ ನಾಲ್ಕೂ ಕಡೆಯಿಂದ ಬಿದ್ದ ಪೆಟ್ಟು. ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಾನೆ, ಇಲ್ಲವೇ ಅಡ್ಡ ಬಂದವರನ್ನು ತಳ್ಳಿ ಓಡುತ್ತಾನೆ. ಡೈರಿಯಲ್ಲಿ ‘ಶಿಸ್ತಿಲ್ಲ’ ಎಂಬ ಷರಾ ಬೀಳುತ್ತದೆ.

ಇದೇನು ನಿನ್ನೆ ಮೊನ್ನೆ ತಿಳಿದ ಸಂಗತಿಯಲ್ಲ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ವೈದ್ಯ ಲಿಯೊ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದ ಪ್ರಬಂಧದಲ್ಲೇ ವ್ಯಾಕ್ಯೂಮ್ ಕ್ಲೀನರ್, ಲಿಫ್ಟ್, ಹರಿಯುವ ನೀರು, ಕೊನೆಗೆ ಗಾಳಿಯ ಸದ್ದಿಗೂ ಬೆಚ್ಚುವ ಮಕ್ಕಳಿದ್ದರು. ಅದೇ ಮಗು ತಾನೇ ಗದ್ದಲ ಎಬ್ಬಿಸುವಾಗ ಖುಷಿಯಾಗಿರುವುದನ್ನೂ ಕ್ಯಾನರ್ ಗಮನಿಸಿದ್ದರು. ಹಾಗಾಗಿ ಸಮಸ್ಯೆ ಸದ್ದಿನದಲ್ಲ, ತನ್ನ ಏಕಾಂತಕ್ಕೆ ಹೊರಗಿನದು ನುಗ್ಗುವುದನ್ನು ಮಗು ಸಹಿಸದು ಎಂದು ಬರೆದರು. ‘ಇವನೇ ಅಷ್ಟು ಕಿರುಚುತ್ತಾನಲ್ಲ, ಬೆಲ್ಲಿಗೆ ಯಾಕೆ ಹೆದರಬೇಕು?’ ಎಂದು ನಮ್ಮ ಮೇಷ್ಟ್ರುಗಳು ಇಂದಿಗೂ ಕೇಳುವುದುಂಟು. ತಾನೇ ಮಾಡುವ ಸದ್ದು ಯಾವಾಗ ಶುರು, ಯಾವಾಗ ಮುಗಿತಾಯ ಎಂದು ಅವನಿಗೆ ಗೊತ್ತಿರುತ್ತದೆ. ಬೆಲ್ಲು ಹಾಗಲ್ಲ.

ಆಮೇಲಿನ ಎರಡು ದಶಕ ತಾಯಂದಿರ ‘ತಣ್ಣನೆಯ ಸ್ವಭಾವ’ವೇ ಆಟಿಸಂಗೆ ಕಾರಣ ಎಂದು ದೂರುವುದರಲ್ಲೇ ಹೋದವು. ಎಷ್ಟು ತಾಯಂದಿರು ಈ ಅಪವಾದ ಹೊತ್ತು ಬದುಕಿದರೋ! 1970ರ ದಶಕದಲ್ಲಿ ಜೀನ್ ಏರ್ಸ್ ಎಂಬ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ನೆರವಾಗುವ ಚಿಕಿತ್ಸಕಿ), ಸ್ಪರ್ಶ, ಸದ್ದು, ಚಲನೆಗಳನ್ನು ಮೆದುಳು ಹೇಗೆ ಹೊಂದಿಸಿಕೊಳ್ಳುತ್ತದೆ ಎಂಬ ಪ್ರಶ್ನೆಯನ್ನು ಮುಂದಿಟ್ಟರು. ಅವರ ಚಿಕಿತ್ಸೆಯ ಫಲದ ಬಗ್ಗೆ ವಾದ ಇನ್ನೂ ಮುಗಿದಿಲ್ಲ, ಪ್ರಶ್ನೆಯಂತೂ ಉಳಿಯಿತು. ಅಮೆರಿಕದ ಮನೋವೈದ್ಯರ ಕೈಪಿಡಿ ಇಂದ್ರಿಯಗಳ ಅತಿಸೂಕ್ಷ್ಮತೆ ಅಥವಾ ಮಂದತೆಯನ್ನು ಆಟಿಸಂ ಲಕ್ಷಣಗಳ ಪಟ್ಟಿಗೆ ಸೇರಿಸಿದ್ದು 2013ರಲ್ಲಿ. ಕ್ಯಾನರ್ ಬರೆದ ಎಪ್ಪತ್ತು ವರ್ಷಕ್ಕೆ!

ನಮ್ಮಲ್ಲಿ 1995ರ ಅಂಗವಿಕಲರ ಕಾಯ್ದೆಯ ಏಳು ಬಗೆಗಳಲ್ಲಿ ಆಟಿಸಂ ಇರಲೇ ಇಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಅದನ್ನು ಹೆಸರಿಸಿತು. 2016ರ ಕಾಯ್ದೆ 21 ಬಗೆಗಳಲ್ಲಿ ಸೇರಿಸಿ, ಮಗುವಿನ ಅಗತ್ಯಕ್ಕೆ ತಕ್ಕ ‘ಸೂಕ್ತ ಹೊಂದಾಣಿಕೆ’ಯನ್ನು ಶಾಲೆಯ ಹೊಣೆಯಾಗಿಸಿತು. ಶಾಲೆಗಳು ಈ ಮಾತನ್ನು ಹೆಚ್ಚಾಗಿ ಪರೀಕ್ಷೆಗಷ್ಟೇ ಅನ್ವಯಿಸಿಕೊಂಡವು: ಬರೆಯಲು ಇನ್ನೊಬ್ಬರು, ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ. ಉಳಿದ ಹತ್ತು ತಿಂಗಳು?

ಹೈಸ್ಕೂಲಿನಲ್ಲಿ ಕಷ್ಟ ಇನ್ನೂ ಬಿಗಿಯಾಗುತ್ತದೆ. ಪೀರಿಯಡ್ಡಿಗೊಬ್ಬ ಟೀಚರ್, ಹೊಸ ದನಿ, ಹೊಸ ಸೆಂಟಿನ ವಾಸನೆ. ಹುಡುಗಿಯರಿಗೆ ಪ್ಯಾಡಿನ ತರಿಯೇ ದಿನವಿಡೀ ಚುಚ್ಚಬಹುದು. ಪ್ರೈಮರಿಯಲ್ಲಿ ಖುಷಿಯಾಗಿ ಹಾಕಿಕೊಂಡಿದ್ದ ಹೆಡ್‌ಫೋನನ್ನು ಹದಿನಾಲ್ಕರ ಹುಡುಗ ಬ್ಯಾಗಿನಡಿ ಅಡಗಿಸುತ್ತಾನೆ. ಗೆಳೆಯರು ನಗುತ್ತಾರಲ್ಲ. ಅವನಿಗೆ ಯಾರೂ ಗಮನಿಸದ ಸಹಾಯ ಬೇಕು: ಎಲ್ಲರಿಗಿಂತ ಐದು ನಿಮಿಷ ಮೊದಲೇ ಊಟಕ್ಕೆ ಬಿಡುವುದು, ಬೆಲ್ಲಿಗೆ ಮುಂಚೆ ಒಂದು ಸನ್ನೆ, ಗೋಡೆ ಬದಿಯ ಬೆಂಚು, ಕಾಲರಿನ ಲೇಬಲ್ ಕತ್ತರಿಸಿದ ಯೂನಿಫಾರ್ಮ್, ತಲೆ ಬಿಸಿಯಾದಾಗ ಕೇಳದೆ ಹೋಗಿ ಕೂರಲು ಲೈಬ್ರರಿಯ ಒಂದು ಮೂಲೆ. ಯಾವುದಕ್ಕೂ ಅನುದಾನ ಕಾಯಬೇಕಿಲ್ಲ.

ಮೂರು ಗಂಟೆಯ ಪೇಪರಿಗೆ ನಾಲ್ಕು ಗಂಟೆ ಪಡೆದ ಹುಡುಗನನ್ನು ಕೂರಿಸುವುದು ಬಹಳ ಸಲ ಕಿರ್ರೆನ್ನುವ ಹಳೇ ಫ್ಯಾನಿನ ಅಡಿಯಲ್ಲೇ.