ಬಾಡಿಗೆ ನೆರವಿಗೆ ಯಾವ ಕಾಗದ ಸಾಕು? ಅಮೆರಿಕದಲ್ಲಿ ಅರ್ಧ ಶತಮಾನದಿಂದ ಬೆಳೆದ ಕಡತ

ಕೋವಿಡ್ ಕಾಲದಲ್ಲಿ ಕೆಲಸ ಕಳೆದುಕೊಂಡು ಬಾಡಿಗೆ ಬಾಕಿ ಉಳಿಸಿಕೊಂಡ ಕುಟುಂಬಗಳಿಗಾಗಿ ಅಮೆರಿಕದ ಕಾಂಗ್ರೆಸ್ಸು ಎರಡು ಕಂತಿನಲ್ಲಿ ಹಣ ಮಂಜೂರು ಮಾಡಿತು. 2020ರ ಡಿಸೆಂಬರಿನಲ್ಲಿ 2,500 ಕೋಟಿ ಡಾಲರ್, 2021ರ ಮಾರ್ಚಿನಲ್ಲಿ ಇನ್ನೂ 2,155 ಕೋಟಿ ಡಾಲರ್. ಆದರೆ 2021ರ ಜುಲೈ ಕೊನೆಯ ಹೊತ್ತಿಗೆ ಈ ಮೊತ್ತದಲ್ಲಿ ಬಾಡಿಗೆದಾರರಿಗೆ ಮತ್ತು ಮನೆ ಮಾಲೀಕರಿಗೆ ನಿಜವಾಗಿ ತಲುಪಿದ್ದು ಸುಮಾರು 510 ಕೋಟಿ ಡಾಲರ್, ಅಂದರೆ ಶೇ 11ರಷ್ಟು ಮಾತ್ರ. ಹಣಕ್ಕೂ ಅರ್ಜಿಗೂ ಕೊರತೆ ಇರಲಿಲ್ಲ. ಹೊಸದಾಗಿ ಕಟ್ಟಿಕೊಂಡ ಕಚೇರಿ, ಸಿದ್ಧವಾಗದ ತಂತ್ರಾಂಶ, ಸಹಕರಿಸದ ಮಾಲೀಕರು ಹೀಗೆ ವಿಳಂಬಕ್ಕೆ ಕಾರಣಗಳು ಹಲವಿದ್ದರೂ ಅವುಗಳ ನಡುವೆ ಎದ್ದು ಕಂಡದ್ದು ದಾಖಲೆಯ ಪ್ರಶ್ನೆ: ಈ ಕುಟುಂಬ ಅರ್ಹವೆಂದು, ಈ ಬಾಕಿ ನಿಜವೆಂದು ನಂಬಲು ಎಷ್ಟು ಕಾಗದ ಬೇಕು, ಆ ಕಾಗದ ಇಲ್ಲದಿದ್ದರೆ ಅದರ ನಷ್ಟವನ್ನು ಹೊರಬೇಕಾದವರು ಯಾರು?

ಈ ಪ್ರಶ್ನೆ ಸಾಂಕ್ರಾಮಿಕದೊಂದಿಗೆ ಹುಟ್ಟಿದ್ದಲ್ಲ. ಅಮೆರಿಕದ ಸರ್ಕಾರಿ ವಸತಿ ವ್ಯವಸ್ಥೆ 1937ರ ವಸತಿ ಕಾಯ್ದೆಯಿಂದ ಆರಂಭವಾದಾಗ ಬಡವರಿಗೆಂದು ಕಟ್ಟಿದ ಸಾರ್ವಜನಿಕ ವಸತಿಯ ಬಾಡಿಗೆಯನ್ನು ಸ್ಥಳೀಯ ವಸತಿ ಪ್ರಾಧಿಕಾರಗಳು ಬಹುಮಟ್ಟಿಗೆ ಕಟ್ಟಡಗಳ ನಿರ್ವಹಣಾ ವೆಚ್ಚವನ್ನು ನೋಡಿಕೊಂಡು ನಿಗದಿ ಮಾಡುತ್ತಿದ್ದವು. ವೆಚ್ಚ ಏರಿದಂತೆ ಬಾಡಿಗೆಯೂ ಏರಿತು. ಅರವತ್ತರ ದಶಕದ ಕೊನೆಗೆ ಕೆಲವು ನಗರಗಳಲ್ಲಿ ಅತ್ಯಂತ ಬಡ ಕುಟುಂಬಗಳು ತಮ್ಮ ವರಮಾನದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಬಾಡಿಗೆಗೇ ಸುರಿಯುತ್ತಿದ್ದವು. 1969ರಲ್ಲಿ ಸೇಂಟ್ ಲೂಯಿಸ್ ನಗರದ ಬಾಡಿಗೆದಾರರು ತಿಂಗಳುಗಟ್ಟಲೆ ಬಾಡಿಗೆ ಮುಷ್ಕರ ನಡೆಸಿದರು. ಅದೇ ವರ್ಷ ಮ್ಯಾಸಚೂಸೆಟ್ಸ್‌ನ ಸೆನೆಟರ್ ಎಡ್ವರ್ಡ್ ಬ್ರೂಕ್ ಅವರ ಹೆಸರಿನಲ್ಲಿ ಇಂದಿಗೂ ಕರೆಯಲಾಗುವ ತಿದ್ದುಪಡಿ ಜಾರಿಗೆ ಬಂದು, ಸಾರ್ವಜನಿಕ ವಸತಿಯ ಬಾಡಿಗೆ ಕುಟುಂಬದ ವರಮಾನದ ಶೇ 25ನ್ನು ಮೀರಬಾರದೆಂದು ಕಟ್ಟುಮಾಡಿತು. 1981ರಲ್ಲಿ ಈ ಮಿತಿ ಶೇ 30ಕ್ಕೆ ಏರಿತು. ಇಂದಿಗೂ ಅದೇ ಇದೆ.

ಬ್ರೂಕ್ ತಿದ್ದುಪಡಿಯನ್ನು ಬಾಡಿಗೆದಾರರಿಗೆ ಸಿಕ್ಕ ರಕ್ಷಣೆ ಎಂದು ನೆನೆಯುವುದು ಸರಿಯೇ. ಆದರೆ ಆಡಳಿತದ ದೃಷ್ಟಿಯಿಂದ ಅದು ಇನ್ನೊಂದು ದೊಡ್ಡ ಬದಲಾವಣೆಯನ್ನೂ ತಂದಿತು. ಅಲ್ಲಿಯವರೆಗೆ ವರಮಾನ ಮುಖ್ಯವಾಗಿ ಪ್ರವೇಶದ ಬಾಗಿಲಲ್ಲಿ ಕೇಳುವ ಪ್ರಶ್ನೆಯಾಗಿತ್ತು. ಆ ಬಳಿಕ ಅದೇ ಬಾಡಿಗೆಯ ಅಳತೆಗೋಲಾಯಿತು. ಪ್ರತಿ ಕುಟುಂಬದ ಬಾಡಿಗೆಯೂ ಬೇರೆ, ಆ ಕುಟುಂಬದಲ್ಲಿ ಯಾರಿಗಾದರೂ ಕೆಲಸ ಸಿಕ್ಕರೆ ಅಥವಾ ಹೋದರೆ ಬಾಡಿಗೆಯೂ ಬೇರೆ. ಹಾಗಾಗಿ ವರಮಾನವನ್ನು ವರ್ಷವರ್ಷವೂ ಕೇಳಿ, ಪರಿಶೀಲಿಸಿ, ಬರೆದಿಟ್ಟುಕೊಳ್ಳಲೇಬೇಕಾಯಿತು. ಮುಂದಿನ ಕಡತಗಳೆಲ್ಲ ಬೆಳೆದದ್ದು ಈ ಬೇರಿನಿಂದ.

1973ರ ಜನವರಿಯಲ್ಲಿ ನಿಕ್ಸನ್ ಸರ್ಕಾರ ಹೊಸ ವಸತಿ ಯೋಜನೆಗಳಿಗೆ ತಡೆ ಹಾಕಿತು. ಬಡವರಿಗಾಗಿ ಸರ್ಕಾರವೇ ಕಟ್ಟಡ ಕಟ್ಟುವ ಬದಲು ಖಾಸಗಿ ಮನೆಯ ಬಾಡಿಗೆಯಲ್ಲಿ ಒಂದು ಪಾಲು ಕೊಟ್ಟರೆ ಹೇಗೆ ಎಂಬ ಪ್ರಯೋಗ ಆ ದಶಕದಲ್ಲಿ ಗ್ರೀನ್ ಬೇ, ಸೌತ್ ಬೆಂಡ್, ಪಿಟ್ಸ್‌ಬರ್ಗ್, ಫೀನಿಕ್ಸ್ ಮೊದಲಾದ ಕಡೆ ನಡೆಯಿತು. 1974ರ ಆಗಸ್ಟ್ 22ರಂದು ಅಧ್ಯಕ್ಷ ಫೋರ್ಡ್ ಸಹಿ ಹಾಕಿದ ಕಾಯ್ದೆ 'ಸೆಕ್ಷನ್ 8' ಎಂಬ ಹೆಸರಿನಿಂದ ಮನೆಮಾತಾದ ಬಾಡಿಗೆ ನೆರವನ್ನು ತಂದಿತು. ಎಂಬತ್ತರ ದಶಕದಲ್ಲಿ ಅದರ ಪಕ್ಕದಲ್ಲೇ ವೋಚರ್ ಬಂದಿತು. 1998ರ ಕಾಯ್ದೆ ಎರಡನ್ನೂ ಬೆಸೆದು ಇಂದಿನ ವಸತಿ ಆಯ್ಕೆ ವೋಚರ್ ಯೋಜನೆಯನ್ನು ರೂಪಿಸಿತು. ಇಂದು ಎರಡು ಸಾವಿರಕ್ಕೂ ಹೆಚ್ಚು ಸ್ಥಳೀಯ ಪ್ರಾಧಿಕಾರಗಳ ಮೂಲಕ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಕುಟುಂಬಗಳು ಈ ವೋಚರ್ ಪಡೆಯುತ್ತಿವೆ.

ಹಣ ಹೋಗುವ ದಾರಿಯನ್ನು ನೋಡಿದರೆ ದಾಖಲೆಗಳ ಸ್ವರೂಪ ತಿಳಿಯುತ್ತದೆ. ವೋಚರ್ ಸಿಕ್ಕ ಕುಟುಂಬ ಖಾಸಗಿ ಮಾಲೀಕರ ಮನೆ ಹುಡುಕುತ್ತದೆ. ಪ್ರಾಧಿಕಾರ ಆ ಮನೆಯನ್ನು ತಪಾಸಣೆ ಮಾಡಿ, ಕೇಳಿದ ಬಾಡಿಗೆ ಆ ಪ್ರದೇಶದ ದರಕ್ಕೆ ಹೊಂದುತ್ತದೆಯೇ ಎಂದು ನೋಡಿ, ಮಾಲೀಕರೊಂದಿಗೆ ನೆರವು ಪಾವತಿಯ ಪ್ರತ್ಯೇಕ ಕರಾರು ಮಾಡಿಕೊಳ್ಳುತ್ತದೆ. ಬಾಡಿಗೆದಾರ ತನ್ನ ಪಾಲನ್ನು ಮಾಲೀಕರಿಗೆ ಕೊಡುತ್ತಾನೆ, ಉಳಿದದ್ದನ್ನು ಪ್ರಾಧಿಕಾರ ನೇರವಾಗಿ ಮಾಲೀಕರ ಖಾತೆಗೆ ಹಾಕುತ್ತದೆ. ಅಂದರೆ ಅರ್ಹತೆ ಬಾಡಿಗೆದಾರನದು, ಹಣ ಸೇರುವುದು ಮಾಲೀಕರಿಗೆ, ಲೆಕ್ಕ ಹಾಕುವವರು ಪ್ರಾಧಿಕಾರದ ನೌಕರರು, ಹಣ ಕೊಡುವುದು ವಾಷಿಂಗ್ಟನ್ನಿನಲ್ಲಿರುವ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆ, ಅಂದರೆ ಎಲ್ಲರ ಬಾಯಲ್ಲಿ 'ಹಡ್'. ಈ ನಾಲ್ವರನ್ನೂ ಜೋಡಿಸುವುದು 50058 ಎಂಬ ಸಂಖ್ಯೆಯ ನಮೂನೆ. ಕುಟುಂಬದ ಸದಸ್ಯರು, ಅವರ ಸಾಮಾಜಿಕ ಭದ್ರತಾ ಸಂಖ್ಯೆ, ಪ್ರತಿಯೊಬ್ಬರ ವರಮಾನ, ಆಸ್ತಿ, ಕಡಿತಗಳು, ಕೊನೆಗೆ ಕುಟುಂಬದ ಪಾಲು ಎಷ್ಟು, ಸರ್ಕಾರದ ಪಾಲು ಎಷ್ಟು ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆ.

ಕರ್ನಾಟಕದ ಓದುಗರಿಗೆ ಇಲ್ಲೊಂದು ವ್ಯತ್ಯಾಸ ಕಣ್ಣಿಗೆ ಬೀಳಬಹುದು. ನಮ್ಮಲ್ಲಿ ನಾಡಕಚೇರಿಗೆ ಅರ್ಜಿ ಹಾಕಿ ತಹಶೀಲ್ದಾರರಿಂದ ಪಡೆದ ಆದಾಯ ಪ್ರಮಾಣಪತ್ರ ಹಲವು ಯೋಜನೆಗಳಿಗೆ ಸಾಕಾಗುತ್ತದೆ. ಅಮೆರಿಕದಲ್ಲಿ ಹಾಗೆ ಒಬ್ಬ ಅಧಿಕಾರಿಯ ಮೊಹರಿನಿಂದ ಮುಗಿಯುವ ಪತ್ರವಿಲ್ಲ. ವಸತಿ ಪ್ರಾಧಿಕಾರವೇ ಸಂಬಳದ ಚೀಟಿ, ಪಿಂಚಣಿ ಪತ್ರ, ಬ್ಯಾಂಕ್ ವಿವರ, ಮಕ್ಕಳ ಜೀವನಾಂಶದ ಆದೇಶ, ವೈದ್ಯಕೀಯ ರಸೀದಿ ಇವೆಲ್ಲವನ್ನೂ ಗುಡ್ಡೆ ಹಾಕಿಕೊಂಡು ತಾನೇ ಒಂದು ಅಂಕಿಗೆ ಬರಬೇಕು. ಆ ಅಂಕಿಯಿಂದ ಪ್ರತಿ ಅವಲಂಬಿತರಿಗೆ ಇಷ್ಟು, ವೃದ್ಧರ ಅಥವಾ ಅಂಗವಿಕಲರ ಕುಟುಂಬಕ್ಕೆ ಇಷ್ಟು, ವೈದ್ಯಕೀಯ ವೆಚ್ಚ ಒಂದು ಮಿತಿ ದಾಟಿದರೆ ಇಷ್ಟು, ದುಡಿಯುವ ತಾಯಿಯ ಮಗುವಿನ ಆರೈಕೆಗೆ ಇಷ್ಟು ಎಂದು ಕಳೆಯುತ್ತ ಹೋಗಬೇಕು. ಪ್ರತಿಯೊಂದು ಕಡಿತದ ಹಿಂದೆಯೂ ಸದುದ್ದೇಶವಿದೆ. ಪ್ರತಿಯೊಂದೂ ಕಡತಕ್ಕೆ ಇನ್ನೊಂದು ಹಾಳೆ ಸೇರಿಸುತ್ತದೆ.

ಈ ಲೆಕ್ಕ ಎಷ್ಟು ಸರಿ ಬರುತ್ತಿತ್ತು ಎಂದು ಹಡ್ ಗಂಭೀರವಾಗಿ ಅಳೆಯಲು ಹೊರಟದ್ದು 2000ದ ಸುಮಾರಿಗೆ. ಕಡತಗಳನ್ನು ಮಾದರಿಯಾಗಿ ತೆಗೆದು, ಕುಟುಂಬಗಳನ್ನು ಮತ್ತೆ ಸಂದರ್ಶಿಸಿ ಲೆಕ್ಕ ಹಾಕಿದಾಗ ಅರ್ಧಕ್ಕಿಂತ ಹೆಚ್ಚು ಕಡತಗಳಲ್ಲಿ ಒಂದಲ್ಲ ಒಂದು ತಪ್ಪು ಕಂಡಿತು. ಅದರ ಫಲವಾಗಿ ಬಾಡಿಗೆ ನೆರವಿನ ಶುದ್ಧೀಕರಣಕ್ಕೆಂದೇ ಒಂದು ಕಾರ್ಯಯೋಜನೆ ರೂಪುಗೊಂಡಿತು. 2003ನೇ ಹಣಕಾಸು ವರ್ಷದಲ್ಲಿ ಹಡ್ ಸುಮಾರು 50 ಲಕ್ಷ ಬಾಡಿಗೆದಾರರಿಗಾಗಿ ಸುಮಾರು 2,800 ಕೋಟಿ ಡಾಲರ್ ವ್ಯಯಿಸಿತ್ತು. ಅದರಲ್ಲಿ ಯೋಜನೆ ನಡೆಸುವವರ ತಪ್ಪಿನಿಂದಲೇ ಸುಮಾರು 140 ಕೋಟಿ ಡಾಲರಿನಷ್ಟು ಅಸಮರ್ಪಕ ಪಾವತಿಯಾಗಿದೆ ಎಂಬ ಅಂದಾಜನ್ನು ಸರ್ಕಾರಿ ಲೆಕ್ಕಪತ್ರ ಹೊಣೆಗಾರಿಕೆ ಕಚೇರಿ 2005ರ ತನ್ನ ವರದಿಯಲ್ಲಿ ಮುಂದಿಟ್ಟಿತು. 2000ದ ಅಂದಾಜಿಗೆ ಹೋಲಿಸಿದರೆ ಇದು ಶೇ 39ರಷ್ಟು ಕಡಿಮೆ.

ಈ ಮೊತ್ತವನ್ನು ಒಡೆದು ನೋಡುವುದು ಮುಖ್ಯ. ಅದರಲ್ಲಿ 89.6 ಕೋಟಿ ಹೆಚ್ಚು ಕೊಟ್ಟದ್ದು, 51.9 ಕೋಟಿ ಕಡಿಮೆ ಕೊಟ್ಟದ್ದು. ಕಡಿಮೆ ಕೊಟ್ಟದ್ದು ಎಂದರೆ ಬಡ ಕುಟುಂಬವೊಂದು ತಾನು ಕೊಡಬೇಕಾದ್ದಕ್ಕಿಂತ ಹೆಚ್ಚು ಬಾಡಿಗೆಯನ್ನು ತನ್ನ ಜೇಬಿನಿಂದ ಕಟ್ಟಿತು ಎಂದೇ ಅರ್ಥ. ಪತ್ರಿಕೆಗಳ ತಲೆಬರಹದಲ್ಲಿ 'ಅಸಮರ್ಪಕ ಪಾವತಿ' ಎಂದು ಕಂಡೊಡನೆ ಯಾರೋ ಸುಳ್ಳು ಹೇಳಿ ಹಣ ಹೊಡೆದರು ಎಂದು ಓದುವವರು ಭಾವಿಸುತ್ತಾರೆ. ಬಾಡಿಗೆದಾರರು ವರಮಾನ ಮುಚ್ಚಿಡುವುದು ತಪ್ಪಿನ ಮೂಲಗಳಲ್ಲಿ ಒಂದು ಎಂಬುದನ್ನು ಅದೇ ವರದಿ ಒಪ್ಪುತ್ತದೆ. ಆದರೆ ಬಹುಶಃ ಅತಿ ದೊಡ್ಡ ಮೂಲವೆಂದು ಅದು ಗುರುತಿಸಿದ್ದು ಪ್ರಾಧಿಕಾರದ ಮೇಜಿನ ಮೇಲೆ ಆಗುವ ತಪ್ಪನ್ನು. ನಿಯಮದ ತೊಡಕು ಗುಮಾಸ್ತರನ್ನೂ ಎಡವಿಸುತ್ತದೆ ಎಂಬ ಈ ಸಂಗತಿ ಮುಂದಿನ ಸುಧಾರಣೆಗಳಲ್ಲಿ ಬಹುಕಾಲ ಹಿಂದೆಯೇ ಉಳಿಯಿತು ಎಂಬುದು ನನ್ನ ಅಭಿಪ್ರಾಯ.

ಮುಂದೆ ಬಂದದ್ದು ಮಾಹಿತಿ ಜೋಡಣೆ. ಎಂಬತ್ತರ ದಶಕದ ಕೊನೆಯಲ್ಲೇ ಸಾಮಾಜಿಕ ಭದ್ರತಾ ಸಂಖ್ಯೆ ಕೊಡುವುದನ್ನೂ, ತಮ್ಮ ವರಮಾನದ ಮಾಹಿತಿಯನ್ನು ಬೇರೆ ಇಲಾಖೆಗಳಿಂದ ಪಡೆಯಲು ಒಪ್ಪಿಗೆಪತ್ರಕ್ಕೆ ಸಹಿ ಹಾಕುವುದನ್ನೂ ಕಾನೂನು ಕಡ್ಡಾಯ ಮಾಡಿತ್ತು. 2004ರಲ್ಲಿ ಕಾಂಗ್ರೆಸ್ಸು ಹೊಸ ನೇಮಕಾತಿಗಳ ರಾಷ್ಟ್ರೀಯ ಕೋಶವನ್ನು ನೋಡಲು ಹಡ್‌ಗೆ ಅನುಮತಿ ಕೊಟ್ಟಿತು. ಮಕ್ಕಳ ಜೀವನಾಂಶ ವಸೂಲಿಗೆಂದು ಕಟ್ಟಿದ ಕೋಶ ಅದು. ಆ ಕೋಶದ ಸಂಬಳ ಮಾಹಿತಿಯನ್ನೂ ಸಾಮಾಜಿಕ ಭದ್ರತಾ ಆಡಳಿತದ ಪಿಂಚಣಿ ಮಾಹಿತಿಯನ್ನೂ ಒಂದೇ ಪರದೆಯಲ್ಲಿ ತೋರಿಸುವ ವ್ಯವಸ್ಥೆಗೆ ಇಐವಿ ಎಂದು ಹೆಸರು. 2010ರ ಜನವರಿ 31ರಿಂದ ಅದರ ಬಳಕೆ ಕಡ್ಡಾಯವಾಯಿತು. ಅದಕ್ಕೂ ಮುನ್ನ ಪ್ರಾಧಿಕಾರವು ಉದ್ಯೋಗದಾತರಿಗೆ ಅಂಚೆಯಲ್ಲಿ ನಮೂನೆ ಕಳಿಸಿ ಉತ್ತರಕ್ಕೆ ಕಾಯುತ್ತಿತ್ತು. ಉತ್ತರ ಬಾರದ ಕಡತಗಳು ಹಾಗೇ ಬಿದ್ದಿರುತ್ತಿದ್ದವು. ಹೊಸ ಕ್ರಮದಲ್ಲಿ ಮೊದಲು ಕಂಪ್ಯೂಟರಿನ ಮಾಹಿತಿ, ಅದು ಸಾಲದಿದ್ದರೆ ಸಂಬಳದ ಚೀಟಿಯಂಥ ಲಿಖಿತ ಪುರಾವೆ, ಆಮೇಲೆ ಉದ್ಯೋಗದಾತರ ಉತ್ತರ, ಕಟ್ಟಕಡೆಗೆ ಬಾಡಿಗೆದಾರನ ಸ್ವಯಂ ಘೋಷಣೆ ಎಂಬ ಮೆಟ್ಟಿಲುಗಳು ಏರ್ಪಟ್ಟವು. ಬಾಡಿಗೆದಾರನ ಮಾತು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು.

ಇನ್ನೊಂದು ಕಡೆ, 2002ರ ಅಸಮರ್ಪಕ ಪಾವತಿ ಕಾಯ್ದೆ ಮತ್ತು ಅದರ ಮುಂದಿನ ತಿದ್ದುಪಡಿಗಳು ಎಲ್ಲ ಇಲಾಖೆಗಳಿಗೂ ತಪ್ಪು ಪಾವತಿಯ ವಾರ್ಷಿಕ ಅಂದಾಜು ಕೊಡಲು ಹೇಳಿದವು. ಇಲ್ಲಿ ಕಡತದಲ್ಲಿ ದಾಖಲೆ ಇಲ್ಲದಿರುವುದೇ ಒಂದು ಬಗೆಯ ತಪ್ಪಾಗಿ ಎಣಿಕೆಗೆ ಬಂತು: ಕುಟುಂಬ ನಿಜವಾಗಿ ಅರ್ಹವೇ ಆಗಿದ್ದರೂ ಅದನ್ನು ತೋರಿಸುವ ಹಾಳೆ ಕಳೆದುಹೋಗಿದ್ದರೆ ಆ ಪಾವತಿಯನ್ನು ಸರಿ ಎನ್ನುವಂತಿಲ್ಲ. ಹೆಸರಿನಲ್ಲಿ 2019 ಎಂದಿರುವ ಪಾವತಿ ಶುದ್ಧತೆಯ ಕಾಯ್ದೆ, ಸರಿಯೋ ತಪ್ಪೋ ತಿಳಿಯದ ಪಾವತಿಗಳಿಗೆ ಪ್ರತ್ಯೇಕ ಅಂಕಣವನ್ನೇ ಕೊಟ್ಟಿದೆ. ವಿಪರ್ಯಾಸವೆಂದರೆ, ಇತ್ತೀಚಿನ ವರ್ಷಗಳಲ್ಲಿ ತನ್ನ ಅತಿ ದೊಡ್ಡ ಬಾಡಿಗೆ ನೆರವು ಯೋಜನೆಗಳ ಬಗ್ಗೆ ನಿಯಮಕ್ಕೆ ಒಪ್ಪುವ ಅಂದಾಜು ಕೊಡಲು ಸ್ವತಃ ಹಡ್‌ಗೇ ಆಗಿಲ್ಲ ಎಂದು ಅದರ ಮಹಾ ತನಿಖಾಧಿಕಾರಿಯ ಕಚೇರಿ ಮತ್ತೆ ಮತ್ತೆ ಆಕ್ಷೇಪಿಸಿದೆ. ಬಾಡಿಗೆದಾರನಿಂದ ವರ್ಷವರ್ಷವೂ ಕೇಳುವ ಲೆಕ್ಕವನ್ನು ಇಲಾಖೆ ಕಾಂಗ್ರೆಸ್ಸಿಗೆ ಕೊಡಲಾರದೆ ಹೋಯಿತು.

2021ರ ತುರ್ತು ನೆರವು ಬಂದದ್ದು ಇಂಥ ಹಿನ್ನೆಲೆಯಲ್ಲಿ. ಈ ಬಾರಿ ಹಣ ಹಡ್ ಮೂಲಕ ಬರಲಿಲ್ಲ, ಖಜಾನೆ ಇಲಾಖೆಯಿಂದ ರಾಜ್ಯ, ಕೌಂಟಿ, ನಗರ ಮತ್ತು ಮೂಲನಿವಾಸಿ ಆಡಳಿತಗಳಿಗೆ ಹೋಯಿತು. ಅವುಗಳಲ್ಲಿ ಹಲವಕ್ಕೆ ಬಾಡಿಗೆ ನೆರವು ಹಂಚಿದ ಅನುಭವವೇ ಇರಲಿಲ್ಲ. ಕುಟುಂಬದ ವರಮಾನ ಆ ಪ್ರದೇಶದ ಮಧ್ಯಾಂಕ ವರಮಾನದ (ಅಂದರೆ ವರಮಾನದ ಸಾಲಿನಲ್ಲಿ ನಟ್ಟನಡುವೆ ನಿಲ್ಲುವ ಕುಟುಂಬದ ವರಮಾನದ) ಶೇ 80ನ್ನು ಮೀರಬಾರದು, ಸಾಂಕ್ರಾಮಿಕದಿಂದ ಸಂಕಷ್ಟವಾಗಿರಬೇಕು, ಮನೆ ಕಳೆದುಕೊಳ್ಳುವ ಭೀತಿ ಇರಬೇಕು ಎಂಬುವು ಷರತ್ತುಗಳು. ಟ್ರಂಪ್ ಆಡಳಿತದ ಕೊನೆಯ ದಿನಗಳಲ್ಲಿ, ಜನವರಿ 19ರಂದು ಹೊರಬಿದ್ದ ಮೊದಲ ಮಾರ್ಗಸೂಚಿ ಬಿಗಿಯಾದ ದಾಖಲೆಗಳನ್ನು ಕೇಳಿತು. ಫೆಬ್ರುವರಿ 22ರಂದು ಬೈಡನ್ ಆಡಳಿತ ಅದನ್ನು ಬದಲಿಸಿ, ದಾಖಲೆ ಸಿಗದ ಕಡೆ ಬಾಡಿಗೆದಾರನ ಲಿಖಿತ ಹೇಳಿಕೆಯನ್ನು ಒಪ್ಪಬಹುದೆಂದಿತು. ಮೇ ಮತ್ತು ಆಗಸ್ಟ್ ತಿಂಗಳಲ್ಲಿ ಇನ್ನೂ ಸಡಿಲಿಕೆ ಬಂತು.

ಈ ಸಡಿಲಿಕೆ ಕುರುಡು ನಂಬಿಕೆಯಾಗಿರಲಿಲ್ಲ ಎಂಬುದನ್ನು ಅದರ ವಿವರಗಳೇ ಹೇಳುತ್ತವೆ. ಬೇರೊಂದು ಸರ್ಕಾರಿ ಯೋಜನೆ ಈಗಾಗಲೇ ಕುಟುಂಬದ ವರಮಾನವನ್ನು ಪರಿಶೀಲಿಸಿದ್ದರೆ ಆ ಪತ್ರವೇ ಸಾಕು. ಮನೆ ಇರುವ ಬಡಾವಣೆಯ ಸರಾಸರಿ ವರಮಾನದಂಥ ಸಂಗತಿಗಳಿಂದ ಅರ್ಹತೆಯನ್ನು ಊಹಿಸಬಹುದು, ಆದರೆ ಅದರ ಜೊತೆಗೆ ಅರ್ಜಿದಾರನ ಹೇಳಿಕೆ ಇರಬೇಕು. ಬಾಡಿಗೆ ಕರಾರೂ ಇಲ್ಲ, ಪಾವತಿಯ ಪುರಾವೆಯೂ ಇಲ್ಲ ಎಂದಾದರೆ ಹೇಳಿಕೆಯ ಮೇಲೆ ಹಣ ಕೊಡಬಹುದು, ಆದರೆ ಆ ಪ್ರದೇಶಕ್ಕೆ ಹಡ್ ನಿಗದಿಪಡಿಸಿದ ನ್ಯಾಯೋಚಿತ ಬಾಡಿಗೆಯ ಮಿತಿಯೊಳಗೆ, ಒಮ್ಮೆಗೆ ಮೂರು ತಿಂಗಳ ಮಟ್ಟಿಗೆ. ಮಾಲೀಕರು ಸಹಕರಿಸದಿದ್ದರೆ ಕೆಲವು ದಿನ ಕಾದು ಹಣವನ್ನು ನೇರ ಬಾಡಿಗೆದಾರನಿಗೇ ಕೊಡಬಹುದು. ಅಡುಗೆ ಮನೆಯಲ್ಲೋ ಕಟ್ಟಡ ಕೆಲಸದಲ್ಲೋ ದಿನಗೂಲಿಗೆ ದುಡಿದು, ಬಾಯಿಮಾತಿನ ಕರಾರಿನಲ್ಲಿ ಒಂದು ಕೋಣೆ ಹಿಡಿದಿದ್ದವರ ಬಳಿ ಸಂಬಳದ ಚೀಟಿಯೂ ಇರಲಿಲ್ಲ, ಕರಾರುಪತ್ರವೂ ಇರಲಿಲ್ಲ. ಹಳೆಯ ಮೆಟ್ಟಿಲುಗಳನ್ನೇ ಅನುಸರಿಸಿದ್ದರೆ ನೆರವು ಅತಿ ಹೆಚ್ಚು ಬೇಕಾದವರೇ ಮೊದಲು ಹೊರಗುಳಿಯುತ್ತಿದ್ದರು.

ಆದರೂ ಅನೇಕ ಸ್ಥಳೀಯ ಆಡಳಿತಗಳು ಸಡಿಲಿಕೆಯನ್ನು ಬಳಸಲು ಹಿಂಜರಿದವು. ನಾಳೆ ಲೆಕ್ಕಪರಿಶೋಧಕರು ಬಂದು ತಪ್ಪು ಹಿಡಿದರೆ ಹಣ ಮರಳಿಸಬೇಕಾಗುವುದು ತಾವೇ ಎಂಬ ಅಂಜಿಕೆ ನಿರಾಧಾರವಾಗಿರಲಿಲ್ಲ. 2021ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟ್, ಬಾಡಿಗೆ ಕಟ್ಟದವರನ್ನು ಮನೆಯಿಂದ ಹೊರಹಾಕದಂತೆ ಸಾಂಕ್ರಾಮಿಕದ ಕಾಲದಲ್ಲಿ ಹೇರಿದ್ದ ತೆರವು ನಿಷೇಧವನ್ನು ಕೊನೆಗೊಳಿಸಿತು. ಅದರ ಹಿಂದಿನ ದಿನವಷ್ಟೇ ಖಜಾನೆ ಇಲಾಖೆ ಸ್ವಯಂ ಘೋಷಣೆಯನ್ನು ಧಾರಾಳವಾಗಿ ಒಪ್ಪಿರೆಂದು ಮತ್ತೊಮ್ಮೆ ಹೇಳಿತ್ತು. ಆ ಬೇಸಿಗೆಯಿಂದ ಮುಂದಕ್ಕೆ ಪಾವತಿಯ ವೇಗ ಹೆಚ್ಚಿತು.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಕಾಯಂ ಬಾಡಿಗೆ ನೆರವು ಮತ್ತು ಸಾಂಕ್ರಾಮಿಕದ ತುರ್ತು ನೆರವು ಎಂಬ ಈ ಎರಡು ವ್ಯವಸ್ಥೆಗಳ ವ್ಯತ್ಯಾಸ ಇನ್ನೊಂದು ರೀತಿಯಲ್ಲೂ ತಟ್ಟುತ್ತದೆ. 1980ರ ಕಾಯ್ದೆಯ 214ನೇ ಸೆಕ್ಷನ್ ಪ್ರಕಾರ ವೋಚರ್ ಮತ್ತು ಸಾರ್ವಜನಿಕ ವಸತಿ ನಾಗರಿಕರಿಗೂ, ಗ್ರೀನ್ ಕಾರ್ಡ್ ಹೊಂದಿದವರಂಥ ಕೆಲವು ವರ್ಗದ ವಲಸಿಗರಿಗೂ ಮಾತ್ರ. ಎಚ್-1ಬಿ ವೀಸಾದಲ್ಲಿರುವವರು ಅದರಲ್ಲಿ ಬರುವುದಿಲ್ಲ. ಒಂದೇ ಕುಟುಂಬದಲ್ಲಿ ಅರ್ಹರೂ ಅನರ್ಹರೂ ಇದ್ದರೆ ನೆರವನ್ನು ಅರ್ಹರ ಪ್ರಮಾಣಕ್ಕೆ ಇಳಿಸಲಾಗುತ್ತದೆ. ಸಾಂಕ್ರಾಮಿಕದ ತುರ್ತು ನೆರವಿನ ಕಾಯ್ದೆಯಲ್ಲಿ ಇಂಥ ವಲಸೆ ಷರತ್ತು ಇರಲಿಲ್ಲ.

ಕಾಯಂ ಯೋಜನೆಗಳಲ್ಲಿ ದಾಖಲೆಯ ಹೊರೆ ಇಳಿಸುವ ಪ್ರಯತ್ನ ಸಾಂಕ್ರಾಮಿಕಕ್ಕಿಂತ ಮೊದಲೇ ಶುರುವಾಗಿತ್ತು. 2016ರ ಜುಲೈಯಲ್ಲಿ ಒಪ್ಪಿಗೆ ಪಡೆದ, 'ಹೋಟ್ಮಾ' ಎಂದು ಕರೆಯುವ ಕಾಯ್ದೆಯ ಅಂತಿಮ ನಿಯಮಗಳು ಹೊರಬಂದದ್ದು 2023ರ ಫೆಬ್ರುವರಿಯಲ್ಲಿ. ಅವು ಹೊರಬಂದಾಗಿನ ಅಂಕಿಗಳ ಪ್ರಕಾರ 50,000 ಡಾಲರ್‌ವರೆಗಿನ ಆಸ್ತಿಗೆ ಬಾಡಿಗೆದಾರನ ಸ್ವಯಂ ಘೋಷಣೆಯೇ ಸಾಕಿತ್ತು. ಒಂದು ಲಕ್ಷ ಡಾಲರ್ ದಾಟಿದರೆ ಅರ್ಹತೆಗೇ ಕುತ್ತಾಗಿತ್ತು. ವೃದ್ಧರ ಕುಟುಂಬದ ಕಡಿತ 400ರಿಂದ 525 ಡಾಲರ್‌ಗೆ ಏರಿದರೂ, ವೈದ್ಯಕೀಯ ವೆಚ್ಚ ವರಮಾನದ ಶೇ 3ರ ಬದಲು ಶೇ 10ನ್ನು ದಾಟಿದ ಮೇಲೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಔಷಧದ ರಸೀದಿ ಜೋಡಿಸುವ ಕೆಲಸ ಅನೇಕರಿಗೆ ತಪ್ಪಿತು, ಆದರೆ ಕಾಯಿಲೆಯ ಖರ್ಚು ಹೆಚ್ಚಿರುವ ವೃದ್ಧರ ಬಾಡಿಗೆ ಏರಬಹುದು, ಸರಳೀಕರಣಕ್ಕೂ ಬೆಲೆಯಿದೆ. ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಮಹತ್ವದ್ದು ಹೆಚ್ಚು ಸುದ್ದಿಯಾಗದ ಒಂದು ಸಾಲು: ಕಡಿತಗಳನ್ನು ಕಳೆದ ಮೇಲಿನ ತಿಂಗಳ ವರಮಾನದಲ್ಲಿ 30 ಡಾಲರ್‌ಗಿಂತ ಹೆಚ್ಚಿಲ್ಲದ ಲೆಕ್ಕದ ತಪ್ಪನ್ನು ನಿಯಮೋಲ್ಲಂಘನೆ ಎನ್ನುವಂತಿಲ್ಲ, ಕಚೇರಿಯ ತಪ್ಪಿನಿಂದ ಕುಟುಂಬ ಹೆಚ್ಚು ಕಟ್ಟಿದ್ದರೆ ಮರಳಿಸಬೇಕು, ಕಡಿಮೆ ಕಟ್ಟಿದ್ದರೆ ಆ ಬಾಕಿಯನ್ನು ಕುಟುಂಬದಿಂದ ವಸೂಲಿ ಮಾಡುವಂತಿಲ್ಲ.

ನಿಯಮಗಳು 2024ರ ಜನವರಿ 1ರಂದು ಜಾರಿಗೆ ಬಂದವು ಎಂಬುದು ಕಾಗದದ ಮಾತು. ಹೊಸ ಲೆಕ್ಕವನ್ನು ತುಂಬಲು ಹೊಸ 50058 ನಮೂನೆ ಬೇಕು, ಅದನ್ನು ಸ್ವೀಕರಿಸಲು ಹಡ್‌ನ ಹೊಸ ತಂತ್ರಾಂಶ ಬೇಕು. ಅದು ಸಿದ್ಧವಾಗದ ಕಾರಣ ಪೂರ್ಣ ಪಾಲನೆಯ ಗಡುವನ್ನು ಹಡ್ ಒಂದಕ್ಕಿಂತ ಹೆಚ್ಚು ಸಲ ಮುಂದೂಡಿತು.