ಟನ್ನಿನ ಲೆಕ್ಕದ ಕೆಲಸಕ್ಕೆ ಐದು ಹೆಸರು: ಫ್ಯಾಬ್ರಿಕೇಷನ್, ದುರಸ್ತಿ ಮತ್ತು ಸೇವಾ ತೆರಿಗೆ ವ್ಯಾಜ್ಯಗಳ ಹಿನ್ನೆಲೆ

ಸಿಮೆಂಟ್ ಅಥವಾ ಉಕ್ಕಿನ ಕಾರ್ಖಾನೆಯ ವಾರ್ಷಿಕ ಶಟ್‌ಡೌನ್ ಹೊತ್ತಿಗೆ ಗುತ್ತಿಗೆದಾರನ ಕೈಗೆ ಬರುವ ವರ್ಕ್ ಆರ್ಡರ್ ಸಾಮಾನ್ಯವಾಗಿ ಎರಡು ಮೂರು ಹಾಳೆ ದಾಟುವುದಿಲ್ಲ. ಅದರಲ್ಲಿ ಇಂಥದೊಂದು ಸಾಲು ಇರುತ್ತದೆ: ‘ಹಾಪರ್‌ನ ಸವೆದ ಪ್ಲೇಟುಗಳನ್ನು ಕತ್ತರಿಸಿ ತೆಗೆದು, ಕಂಪನಿ ಒದಗಿಸುವ ಪ್ಲೇಟಿನಿಂದ ಹೊಸ ಭಾಗಗಳನ್ನು ಮಾಡಿ, ಕೂರಿಸಿ, ವೆಲ್ಡ್ ಮಾಡಿ ಕೊಡುವುದು, ದರ ಟನ್ನಿಗೆ ಇಷ್ಟು.’ ಗ್ಯಾಸ್ ಕಟರ್, ವೆಲ್ಡಿಂಗ್ ಸೆಟ್, ಚೈನ್ ಬ್ಲಾಕ್ ಹೊರಿಸಿಕೊಂಡು ಎಂಟು ಹತ್ತು ಮಂದಿ ಫಿಟ್ಟರು, ವೆಲ್ಡರು, ಖಲಾಸಿಗಳೊಂದಿಗೆ ಗೇಟು ದಾಟಿದವನಿಗೆ ಅದು ಒಂದೇ ಕೆಲಸ. ತೆರಿಗೆ ಕಾನೂನಿಗೆ ಮಾತ್ರ ಆ ಒಂದು ಸಾಲಿನಲ್ಲಿ ಸರಕಿನ ತಯಾರಿಕೆ, ಯಂತ್ರದ ಅಳವಡಿಕೆ, ದುರಸ್ತಿ, ಕಾರ್ಮಿಕರ ಪೂರೈಕೆ ಮತ್ತು ವರ್ಕ್ಸ್ ಕಾಂಟ್ರ್ಯಾಕ್ಟ್ (ಸರಕೂ ಶ್ರಮವೂ ಕೂಡಿದ ಗುತ್ತಿಗೆ) ಎಂಬ ಐದು ಬೇರೆ ಬೇರೆ ಸಂಗತಿಗಳು ಕಾಣುತ್ತಿದ್ದವು. ಯಾವ ಹೆಸರು ಗಟ್ಟಿಯಾಗುತ್ತದೆ ಎಂಬುದರ ಮೇಲೆ ತೆರಿಗೆ ಬೀಳುತ್ತದೆಯೇ, ಯಾವ ದಿನಾಂಕದಿಂದ, ಎಷ್ಟು ಮೊತ್ತದ ಮೇಲೆ ಎಂಬುದೆಲ್ಲ ನಿಂತಿತ್ತು.

ಸೇವಾ ತೆರಿಗೆ ಬಂದದ್ದು 1994ರ ಹಣಕಾಸು ಕಾಯ್ದೆಯ ಮೂಲಕ, ಅದೇ ವರ್ಷದ ಜುಲೈ 1ರಿಂದ. ಆಗ ತೆರಿಗೆಗೆ ಒಳಪಟ್ಟದ್ದು ದೂರವಾಣಿ, ಷೇರು ದಲ್ಲಾಳಿ ಮತ್ತು ಸಾಮಾನ್ಯ ವಿಮೆ ಎಂಬ ಮೂರು ಸೇವೆಗಳು, ದರ ಶೇ 5. ನಂತರ ಬಹುತೇಕ ಪ್ರತಿ ಬಜೆಟ್ಟಿನಲ್ಲೂ ಪಟ್ಟಿಗೆ ಹೊಸ ಹೆಸರುಗಳು ಸೇರುತ್ತ ಹೋದವು. ಪಟ್ಟಿಯಲ್ಲಿ ಹೆಸರಿದ್ದರೆ ತೆರಿಗೆ, ಇಲ್ಲದಿದ್ದರೆ ಇಲ್ಲ ಎಂಬುದೇ 2012ರವರೆಗಿನ ಪದ್ಧತಿಯ ತಿರುಳು. ವ್ಯಾಜ್ಯಗಳ ಮೂಲವೂ ಅಲ್ಲೇ ಇದೆ, ಏಕೆಂದರೆ ಕಾರ್ಖಾನೆಯೊಳಗಿನ ಕೆಲಸವು ಈ ಪಟ್ಟಿಯನ್ನು ನೋಡಿಕೊಂಡು ನಡೆಯುವಂಥದ್ದಲ್ಲ.

ಈ ಕಸುಬಿನವರನ್ನು ಮೊದಲು ಮುಟ್ಟಿದ ದಿನಾಂಕ 2003ರ ಜುಲೈ 1. ಅಂದು ‘ನಿರ್ವಹಣೆ ಅಥವಾ ದುರಸ್ತಿ’, ‘ಕಮಿಷನಿಂಗ್ ಅಥವಾ ಅಳವಡಿಕೆ’ ಮತ್ತು ‘ವ್ಯಾಪಾರ ಸಹಾಯಕ ಸೇವೆ’ ಎಂಬ ಮೂರೂ ಒಟ್ಟಿಗೆ ಪಟ್ಟಿ ಸೇರಿದವು. ದುರಸ್ತಿಯ ಮಾತಿನಲ್ಲಿ ಒಂದು ಸಡಿಲ ಉಳಿದಿತ್ತು: ನಿರ್ವಹಣಾ ಒಪ್ಪಂದದ ಅಡಿಯಲ್ಲಿ ಮಾಡಿದ ಅಥವಾ ತಯಾರಕರು ಇಲ್ಲವೇ ಅವರ ಅಧಿಕೃತ ಪ್ರತಿನಿಧಿಗಳು ಮಾಡಿದ ದುರಸ್ತಿಗೆ ಮಾತ್ರ ತೆರಿಗೆ. ಪಂಪು ಕೆಟ್ಟಾಗ ಕರೆದರೆ ಹೋಗಿ ರಿಪೇರಿ ಮಾಡಿ ಬಿಲ್ ಕೊಡುವವನು ಅದರೊಳಗೆ ಬರುತ್ತಿರಲಿಲ್ಲ. 2005ರ ಜೂನ್ 16ರಂದು ‘ನಿರ್ವಹಣಾ ಒಪ್ಪಂದ’ ಹೋಗಿ ‘ಒಂದು ಒಪ್ಪಂದ ಅಥವಾ ಕರಾರು’ ಎಂಬ ಮಾತು ಬಂತು, ಜೊತೆಗೆ ಸ್ಥಿರಾಸ್ತಿಯ ದುರಸ್ತಿಯೂ ಸೇರಿತು. ಯಾವ ದುರಸ್ತಿ ತಾನೇ ಕರಾರಿಲ್ಲದೆ ನಡೆಯುತ್ತದೆ? ಒಂದು ವಿಶೇಷಣ ಕೈಬಿಟ್ಟದ್ದರಿಂದ ಇಡೀ ಕಸುಬು ತೆರಿಗೆಯ ಒಳಗೆ ಬಂದು ಕೂತಿತು.

ಅಳವಡಿಕೆಯ ಕಡೆಗೂ ಇದೇ ಕಥೆ. 2004ರ ಸೆಪ್ಟೆಂಬರ್ 10ರಂದು ಅದಕ್ಕೆ ‘ಎರೆಕ್ಷನ್’ (ಎತ್ತಿ ನಿಲ್ಲಿಸುವುದು) ಸೇರಿತು. 2006ರ ಮೇ 1ರಿಂದ ‘ಯಂತ್ರ, ಉಪಕರಣ’ಗಳ ಪಕ್ಕದಲ್ಲಿ ‘ರಚನೆಗಳು’ ಎಂಬ ಪದವೂ ಕಾಣಿಸಿಕೊಂಡಿತು. ಶೆಡ್ಡಿನ ಟ್ರಸ್, ಕನ್ವೇಯರ್ ಗ್ಯಾಲರಿ, ಪೈಪ್ ರ‍್ಯಾಕ್ ಇವು ಅದಕ್ಕೂ ಮುಂಚೆಯೇ ತೆರಿಗೆಗೆ ಒಳಪಟ್ಟಿದ್ದವು ಎಂದು ಇಲಾಖೆ ವಾದಿಸಿದರೆ, ಹೊಸದಾಗಿ ಪದ ಸೇರಿಸಬೇಕಾಯಿತೆಂದರೆ ಹಿಂದೆ ಅದು ಇರಲಿಲ್ಲವೆಂದೇ ಅರ್ಥ ಎಂಬುದು ಗುತ್ತಿಗೆದಾರರ ಪರ ವಕೀಲರ ಉತ್ತರವಾಗಿತ್ತು. ನನಗೆ ಎರಡನೆಯ ವಾದವೇ ಸರಿಯೆನಿಸುತ್ತದೆ.

ಜಟಿಲವಾದದ್ದು ಫ್ಯಾಬ್ರಿಕೇಷನ್ ಪ್ರಶ್ನೆ. 2004ರ ಸೆಪ್ಟೆಂಬರ್ 10ರಿಂದ ಗ್ರಾಹಕರ ಪರವಾಗಿ ಸರಕು ಉತ್ಪಾದಿಸುವುದು ವ್ಯಾಪಾರ ಸಹಾಯಕ ಸೇವೆಯಾಯಿತು. 2005ರ ಜೂನ್ 16ರಿಂದ ಗ್ರಾಹಕರಿಗಾಗಿ ಸರಕಿನ ಮೇಲೆ ನಡೆಸುವ ಸಂಸ್ಕರಣೆಯೂ ಅದಕ್ಕೆ ಸೇರಿತು. ಆದರೆ ಕಾರ್ಖಾನೆಯಲ್ಲಿ ತಯಾರಾದ ಸರಕಿನ ಮೇಲೆ ಸುಂಕ ಹಾಕುತ್ತಿದ್ದ 1944ರ ಕೇಂದ್ರ ಅಬಕಾರಿ ಕಾಯ್ದೆಯ ಪ್ರಕಾರ ‘ತಯಾರಿಕೆ’ ಎನಿಸುವ ಕೆಲಸವನ್ನು ಅದರಿಂದ ಹೊರಗಿಡಲಾಗಿತ್ತು. ಹೀಗಾಗಿ ಪ್ಲೇಟು ಕತ್ತರಿಸಿ, ರಂಧ್ರ ಕೊರೆದು, ಬೆಸೆದು ಕಾಲಮ್ಮು, ಟ್ರಸ್ಸು ಮಾಡುವುದು ತಯಾರಿಕೆಯೇ ಅಲ್ಲವೇ ಎಂಬ ಹಳೆಯ ಅಬಕಾರಿ ಜಗಳ ಸೇವಾ ತೆರಿಗೆಯ ಅಂಗಳಕ್ಕೆ ಬಂತು. ನಿಂತ ಕಟ್ಟಡ ಸರಕಲ್ಲದಿದ್ದರೂ ನಿಲ್ಲಿಸುವ ಮೊದಲು ಕೈಯಲ್ಲಿರುವ ಟ್ರಸ್ಸು, ಕಾಲಮ್ಮುಗಳು ಸರಕೇ ಎಂದು ಮಹೀಂದ್ರಾ ಅಂಡ್ ಮಹೀಂದ್ರಾ ಪ್ರಕರಣದಲ್ಲಿ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ವಿಸ್ತೃತ ಪೀಠ 2005ರಲ್ಲಿ ಹೇಳಿತ್ತು. ಅಬಕಾರಿ ವಸೂಲಿಗೆ ನೆರವಾದ ಆ ಮಾತೇ ಸೇವಾ ತೆರಿಗೆ ಪ್ರಕರಣಗಳಲ್ಲಿ ಗುತ್ತಿಗೆದಾರರ ಗುರಾಣಿಯಾಯಿತು: ನಾವು ಮಾಡುವುದು ತಯಾರಿಕೆ, ಆದ್ದರಿಂದ ಸೇವೆಯಲ್ಲ. ಹಾಗಾದರೆ ಅಬಕಾರಿ ಸುಂಕ ಕಟ್ಟಿದಿರಾ ಎಂದು ಕೇಳಿದರೆ, ಸಣ್ಣ ಘಟಕಗಳಿಗೆ 2007ರ ಏಪ್ರಿಲ್‌ನಿಂದ 1.5 ಕೋಟಿ ರೂಪಾಯಿವರೆಗಿದ್ದ ವಿನಾಯಿತಿಯನ್ನು ಅವರು ತೋರಿಸುತ್ತಿದ್ದರು. ಸುಂಕಕ್ಕೆ ವಿನಾಯಿತಿ ಸಿಕ್ಕ ಮಾತ್ರಕ್ಕೆ ತಯಾರಿಕೆ ತಯಾರಿಕೆಯಾಗದೆ ಹೋಗುವುದಿಲ್ಲ.

ಇನ್ನೊಂದು ದಿಕ್ಕಿನಿಂದ ಬಂದದ್ದು ಕಾರ್ಮಿಕರ ಪೂರೈಕೆ. 1997ರಿಂದ ಪಟ್ಟಿಯಲ್ಲಿದ್ದ ನೇಮಕಾತಿ ಏಜೆನ್ಸಿಗಳ ಹೆಸರಿಗೆ 2005ರ ಜೂನ್ 16ರಂದು ‘ಪೂರೈಕೆ’ ಸೇರಿದ ಮೇಲೆ, ಬಿಲ್ಲಿನ ತಲೆಯಲ್ಲಿ ‘ಲೇಬರ್ ಚಾರ್ಜಸ್’ ಎಂದು ಬರೆದವರೆಲ್ಲ ಜನರನ್ನು ಪೂರೈಸುವವರಂತೆ ಕಾಣತೊಡಗಿದರು. ಬೆಂಗಳೂರು ಪೀಠವೂ ಸೇರಿ ನ್ಯಾಯಮಂಡಳಿಯ ಹಲವು ಪೀಠಗಳು ಇಲ್ಲಿ ಒಂದು ನೇರವಾದ ಒರೆಗಲ್ಲು ಇಟ್ಟವು. ಹಣ ಕೊಡುವುದು ಆಳಿನ ಲೆಕ್ಕಕ್ಕೋ ಕೆಲಸದ ಲೆಕ್ಕಕ್ಕೋ, ಕೆಲಸಗಾರರಿಗೆ ಅಪ್ಪಣೆ ಕೊಡುವವರು ಕಂಪನಿಯ ಎಂಜಿನಿಯರೋ ಗುತ್ತಿಗೆದಾರನ ಮೇಸ್ತ್ರಿಯೋ ಎಂದು ನೋಡುವುದು. ಟನ್ನಿಗೋ ಮೀಟರಿಗೋ ದರ ನಿಗದಿಯಾಗಿ ಕೆಟ್ಟ ವೆಲ್ಡನ್ನು ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕಾದವನು ಆಳು ಪೂರೈಸುವವನಲ್ಲ. ಗೇಟಿನ ಹಾಜರಿ ಪುಸ್ತಕವನ್ನೇ ಲಗತ್ತಿಸಿ ದಿನಗೂಲಿ ಲೆಕ್ಕದಲ್ಲಿ ಬಿಲ್ ಮಾಡಿದವರಿಗೆ ಈ ಉತ್ತರ ಸಿಗಲಿಲ್ಲ.

2007ರ ಜೂನ್ 1ರಂದು ಐದನೆಯ ಹೆಸರಾಗಿ ವರ್ಕ್ಸ್ ಕಾಂಟ್ರ್ಯಾಕ್ಟ್ ಸೇವೆ ಬಂತು. ಸರಕೂ ಶ್ರಮವೂ ಕೂಡಿದ ಗುತ್ತಿಗೆಯನ್ನು ಬಿಡಿಸಿ ಸರಕಿನ ಪಾಲಿಗೆ ಮಾರಾಟ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗೆ 1982ರ 46ನೇ ಸಂವಿಧಾನ ತಿದ್ದುಪಡಿಯಿಂದಲೇ ಸಿಕ್ಕಿತ್ತು. ಶ್ರಮದ ಪಾಲಿಗೆ ಕೇಂದ್ರ ಕೈ ಹಾಕಿದ್ದು ಈಗ. ಹಾಗಾದರೆ 2003ರಿಂದ 2007ರವರೆಗೆ ಇಂಥ ಕೂಡು ಗುತ್ತಿಗೆಗಳ ಮೇಲೆ ಅಳವಡಿಕೆ ಮುಂತಾದ ಹೆಸರಿನಲ್ಲಿ ವಸೂಲಾದದ್ದೇನು? ಲಾರ್ಸನ್ ಅಂಡ್ ಟೂಬ್ರೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರ ಆಗಸ್ಟ್ 20ರಂದು ಉತ್ತರ ಕೊಟ್ಟಿತು: 2007ರ ಜೂನ್‌ಗೆ ಮೊದಲು ಕೂಡು ಗುತ್ತಿಗೆಯ ಮೇಲೆ ಸೇವಾ ತೆರಿಗೆ ವಿಧಿಸುವ ಕಾನೂನೂ ಇರಲಿಲ್ಲ, ಸರಕಿನ ಪಾಲನ್ನು ಬೇರ್ಪಡಿಸುವ ವ್ಯವಸ್ಥೆಯೂ ಇರಲಿಲ್ಲ.

ಈ ತೀರ್ಪಿನ ಫಲ ಹಂಚಿಕೆಯಾದ ರೀತಿ ವಿಚಿತ್ರ. ಸ್ವಂತ ಪ್ಲೇಟು, ಆ್ಯಂಗಲ್ ಖರೀದಿಸಿ ಕೆಲಸ ಮಾಡಿದ ದೊಡ್ಡ ಗುತ್ತಿಗೆದಾರರು ಪಾರಾದರು. ಕಂಪನಿ ಕೊಟ್ಟ ಕಬ್ಬಿಣಕ್ಕೆ ಬರೀ ಕೂಲಿ ಸೇರಿಸಿದ ಸಣ್ಣವರು ಹಳೆಯ ಹೆಸರುಗಳ ಕೆಳಗೇ ಉಳಿದರು. ಆಗ ಎದ್ದ ಪ್ರಶ್ನೆ ವೆಲ್ಡಿಂಗ್ ರಾಡಿನದು. ಗ್ಯಾಸ್ ಉರಿದು ಹೋಗುತ್ತದೆ, ಗ್ರೈಂಡಿಂಗ್ ವೀಲ್ ಸವೆದು ಹೋಗುತ್ತದೆ, ಆದರೆ ರಾಡಿನ ಲೋಹ ಕರಗಿ ಬೆಸುಗೆಯಾಗಿ ಗ್ರಾಹಕನ ಪ್ಲೇಟಿನಲ್ಲೇ ಉಳಿಯುತ್ತದೆ. ಅದು ಸರಕಿನ ಹಸ್ತಾಂತರವೆಂದಾದರೆ ಗುತ್ತಿಗೆ ವರ್ಕ್ಸ್ ಕಾಂಟ್ರ್ಯಾಕ್ಟ್, ಇಲ್ಲವಾದರೆ ಬರೀ ಶ್ರಮ. ದುರಸ್ತಿಯ ಮೌಲ್ಯದ ಬಗೆಗೂ ಇದೇ ಬಗೆಯ ತಕರಾರು ಬಂದಾಗ, ಟೈರ್ ರೀಟ್ರೆಡಿಂಗ್‌ಗೆ ಸಂಬಂಧಿಸಿದ ಸೇಫ್ಟಿ ರೀಟ್ರೆಡಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ, ಬಿಲ್ಲಿನ ಒಟ್ಟು ಮೊತ್ತದಲ್ಲಿ ಸಾಮಗ್ರಿಯ ಪಾಲಾದ ಶೇ 70ರ ಮೇಲೆ ವ್ಯಾಟ್ ಕಟ್ಟಿದ್ದರೆ ಸೇವಾ ತೆರಿಗೆ ಉಳಿದ ಶೇ 30ಕ್ಕೆ ಮಾತ್ರ ಎಂದು ತೀರ್ಮಾನಿಸಿತು.

ಇಷ್ಟೆಲ್ಲ ಹೆಸರಿನ ಚರ್ಚೆಯಾದರೂ ಗುತ್ತಿಗೆದಾರನನ್ನು ನಿಜವಾಗಿ ನೆಲಕ್ಕೆ ಕೆಡವುತ್ತಿದ್ದದ್ದು ಕಾಲಮಿತಿಯ ಕಲಮು. 73ನೇ ಸೆಕ್ಷನ್ ಪ್ರಕಾರ ಇಲಾಖೆ ನೋಟಿಸು ಕೊಡಲು 2012ರವರೆಗೆ ಇದ್ದ ಗಡುವು ಒಂದು ವರ್ಷ. ಮಾಹಿತಿ ಮುಚ್ಚಿಟ್ಟರೆ ಐದು ವರ್ಷ. ಶೇ 12.36ರ ದರವಿದ್ದ ಕಾಲದಲ್ಲಿ ವರ್ಷಕ್ಕೆ 25 ಲಕ್ಷ ರೂಪಾಯಿ ಬಿಲ್ ಮಾಡಿದವನ ತೆರಿಗೆ 3.09 ಲಕ್ಷ ರೂಪಾಯಿ. ಮುಚ್ಚಿಟ್ಟದ್ದು ಸಾಬೀತಾದರೆ 78ನೇ ಸೆಕ್ಷನ್ ಅಡಿ ಅಷ್ಟೇ ದಂಡ, ಮೇಲೆ ಬಡ್ಡಿ. ಸಕಾಲದಲ್ಲಿ ಕೇಳಿದ್ದರೆ ಆ ತೆರಿಗೆಯನ್ನು ಗ್ರಾಹಕ ಕಂಪನಿಯೇ ಕೊಟ್ಟು ಸೆನ್‌ವ್ಯಾಟ್ ಕ್ರೆಡಿಟ್ಟಾಗಿ, ಅಂದರೆ ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಂಡು, ವಾಪಸು ಪಡೆಯುತ್ತಿತ್ತು. ಬೊಕ್ಕಸಕ್ಕೆ ನಿವ್ವಳ ಲಾಭ ಅಷ್ಟಕ್ಕಷ್ಟೇ. ಐದು ವರ್ಷದ ನಂತರ ಕೇಳಿದರೆ ಯಾವ ಕಂಪನಿಯೂ ಹಳೆಯ ಬಿಲ್ಲಿಗೆ ತೆರಿಗೆ ಸೇರಿಸಿ ಕೊಡುವುದಿಲ್ಲ. ಕಾನೂನಿನ ಅರ್ಥದ ಬಗ್ಗೆ ಪೀಠಗಳಲ್ಲೇ ಒಮ್ಮತವಿಲ್ಲದಿರುವಾಗ ಗುತ್ತಿಗೆದಾರ ಮುಚ್ಚಿಟ್ಟನೆನ್ನುವುದು ಹೇಗೆ ಎಂಬ ವಾದ ಅನೇಕ ಪ್ರಕರಣಗಳಲ್ಲಿ ಗೆದ್ದದ್ದು ಸಹಜವೇ.

2012ರ ಜುಲೈ 1ರಂದು ಪಟ್ಟಿ ತಲೆಕೆಳಗಾಯಿತು. ನಕಾರಾತ್ಮಕ ಪಟ್ಟಿಯಲ್ಲಿ ಇಲ್ಲದ್ದೆಲ್ಲ ತೆರಿಗೆಗೆ ಒಳಪಟ್ಟಿತು. ಹೆಸರಿನ ಜಗಳ ಅರ್ಧ ತಣ್ಣಗಾದರೂ ‘ತಯಾರಿಕೆಗೆ ಸಮನಾದ ಪ್ರಕ್ರಿಯೆ’ ಆ ಪಟ್ಟಿಯಲ್ಲೇ ಇದ್ದುದರಿಂದ ಫ್ಯಾಬ್ರಿಕೇಷನ್ ಪ್ರಶ್ನೆ ಹಾಗೇ ಉಳಿಯಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ, ಬೇರೆಯವರ ಸರಕಿನ ಮೇಲೆ ನಡೆಸುವ ಯಾವುದೇ ಪ್ರಕ್ರಿಯೆ ಸೇವೆಯೇ ಎಂದು ಕಾಯ್ದೆಯೇ ಹೇಳಿದ್ದರಿಂದ ಮುಂದಿನ ಕೆಲಸಗಳಿಗೆ ಆ ಪ್ರಶ್ನೆಯೂ ಹೋಯಿತು.

ಹಿಂದಿನ ಕೆಲಸಗಳಿಗೆ ಹೋಗಲಿಲ್ಲ. 2019ರ ಸಬ್‌ಕಾ ವಿಶ್ವಾಸ್ ಯೋಜನೆಯಲ್ಲಿ, ವ್ಯಾಜ್ಯದಲ್ಲಿದ್ದ 50 ಲಕ್ಷ ರೂಪಾಯಿವರೆಗಿನ ಬಾಕಿಗೆ ಶೇ 70ರಷ್ಟು ರಿಯಾಯಿತಿ, ಬಡ್ಡಿ ಮತ್ತು ದಂಡ ಮನ್ನಾ ಸಿಕ್ಕಿದ್ದರಿಂದ ಅನೇಕರು ವಾದ ಬಿಟ್ಟು ಹಣ ಕಟ್ಟಿ ಕೈತೊಳೆದುಕೊಂಡರು. ಅಲ್ಲಿಗೂ ಮುಗಿಯದೆ, ಆದಾಯ ತೆರಿಗೆಯ 26ಎಎಸ್ ವಿವರ ಮತ್ತು ಸೇವಾ ತೆರಿಗೆ ರಿಟರ್ನ್‌ಗಳ ನಡುವಿನ ವ್ಯತ್ಯಾಸವನ್ನಷ್ಟೇ ಹಿಡಿದು ಹೊಸ ನೋಟಿಸುಗಳು ಹೊರಟವು. ವಿವರ ಪರಿಶೀಲಿಸದೆ ಹೀಗೆ ನೋಟಿಸು ಕೊಡಬೇಡಿ ಎಂದು 2021ರಲ್ಲಿ ಪರೋಕ್ಷ ತೆರಿಗೆಗಳ ಕೇಂದ್ರ ಮಂಡಳಿಯೇ ಸೂಚಿಸಬೇಕಾಯಿತು. 26ಎಎಸ್‌ನಲ್ಲಿ ಕಾಣುವುದು 194ಸಿ ಸೆಕ್ಷನ್ ಅಡಿ ಯಾರು ಎಷ್ಟು ಹಣ ಕೊಟ್ಟು ಎಷ್ಟು ಟಿಡಿಎಸ್ ಮುರಿದರು ಎಂಬುದು ಮಾತ್ರ. ಆ ಹಣ ಹಾಪರ್ ಮಾಡಿದ್ದಕ್ಕೋ, ಕೂರಿಸಿದ್ದಕ್ಕೋ, ಆಳು ಕಳಿಸಿದ್ದಕ್ಕೋ ಎಂದು ತೋರಿಸಬಲ್ಲದ್ದು ಗುತ್ತಿಗೆದಾರನ ಕಪಾಟಿನಲ್ಲಿ ಗೆದ್ದಲು ಹಿಡಿಯದೆ ಉಳಿದಿದ್ದರೆ ಆ ಎರಡು ಮೂರು ಹಾಳೆಯ ವರ್ಕ್ ಆರ್ಡರ್ ಒಂದೇ.